ವಿದ್ಯುತ್ ಕಾರನ್ನು ಎತ್ತುವಾಗ ಜಾಕ್ ಪ್ಯಾಡಿನ ಆಯ್ಕೆ

ರೈತರ ಮನೆಗಳಲ್ಲಿ ಟ್ರ್ಯಾಕ್ಟರ್ ಮತ್ತು ಟ್ರೇಲರ್‌ಗಳ ಪಕ್ಕದಲ್ಲಿ ಈಗ ಅಲ್ಲಲ್ಲಿ ವಿದ್ಯುತ್ ಕಾರೂ ನಿಲ್ಲತೊಡಗಿದೆ. ಟ್ರ್ಯಾಕ್ಟರಿನ ಗಾಲಿ ಬಿಚ್ಚಿ ಅಭ್ಯಾಸವಿರುವವರು ಇದರ ಗಾಲಿಯನ್ನೂ ತಾವೇ ಬಿಚ್ಚಲು ಮುಂದಾಗುವುದು ಸಹಜ. ಆದರೆ ಟ್ರ್ಯಾಕ್ಟರಿನಲ್ಲಿ ಗಟ್ಟಿಯಾದ ಎರಕದ ಅಚ್ಚಿನ ಕೆಳಗೆ ಜಾಕ್ ಇಟ್ಟು ಎತ್ತುವ ರೂಢಿಯನ್ನು ಇಲ್ಲಿ ಮುಂದುವರಿಸಿದರೆ ಕಾರಿಗೂ ಆಪತ್ತು, ಕೆಳಗೆ ಕುಳಿತವನಿಗೂ ಆಪತ್ತು. ಆದ್ದರಿಂದ ಜಾಕಿನ ತಲೆಯ ಮೇಲೆ ಇಡುವ ಸಣ್ಣ ಪ್ಯಾಡನ್ನು ಹೇಗೆ ಆರಿಸಬೇಕು, ಹೇಗೆ ಉಪಯೋಗಿಸಬೇಕು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಬ್ಯಾಟರಿ ಇರುವ ಜಾಗ

2001ರಲ್ಲಿ ಬೆಂಗಳೂರಿನಿಂದ ಹೊರಬಂದ ರೇವಾ ಕಾರಿನಲ್ಲಿ ಸೀಸ-ಆಮ್ಲದ ಬ್ಯಾಟರಿಗಳನ್ನು ಆಸನದ ಕೆಳಗೆ ಜೋಡಿಸಿದ್ದರು. ಈಗಿನ ವಿದ್ಯುತ್ ಕಾರುಗಳಲ್ಲಿ ಲಿಥಿಯಂ ಬ್ಯಾಟರಿಯನ್ನು ಅಗಲವಾದ ಪೆಟ್ಟಿಗೆಯಲ್ಲಿಟ್ಟು, ಮುಂದಿನ ಮತ್ತು ಹಿಂದಿನ ಗಾಲಿಗಳ ನಡುವೆ ಕಾರಿನ ತಳಕ್ಕೇ ಬಿಗಿದಿರುತ್ತಾರೆ. 2020ರ ಜನವರಿಯಲ್ಲಿ ಮಾರಾಟಕ್ಕೆ ಬಂದ ಟಾಟಾ ನೆಕ್ಸಾನ್ ವಿದ್ಯುತ್ ಕಾರಿನ ಮೊದಲ ಮಾದರಿಯಲ್ಲಿ 30.2 ಕಿಲೋವ್ಯಾಟ್-ಗಂಟೆಯ ಬ್ಯಾಟರಿ ಇತ್ತು. ಕಾರಿನ ತೂಕ ಸುಮಾರು 1,400 ಕಿ.ಗ್ರಾಂ. ದೊಡ್ಡ ಬ್ಯಾಟರಿಯ ಕಾರುಗಳು ಇದಕ್ಕಿಂತಲೂ ಭಾರ.

ಕೆಳಗೆ ಬಗ್ಗಿ ನೋಡಿದರೆ ಈ ಪೆಟ್ಟಿಗೆ ಸಪಾಟಾಗಿ, ಜಾಕ್ ಇಡಲು ಹೇಳಿ ಮಾಡಿಸಿದಂತೆ ಕಾಣುತ್ತದೆ. ಅಲ್ಲಿ ಎಂದಿಗೂ ಜಾಕ್ ಇಡಬಾರದು. ಪೆಟ್ಟಿಗೆಯ ತಳ ಒಳಕ್ಕೆ ತಗ್ಗಿದರೆ ಒಳಗಿನ ಕೋಶಗಳು ನಜ್ಜುಗುಜ್ಜಾಗಿ ಬೆಂಕಿ ಹೊತ್ತಿಕೊಳ್ಳಬಹುದು. ಬೆಂಕಿ ಆ ಕ್ಷಣದಲ್ಲೇ ಕಾಣಿಸದೆ ಕೆಲವು ಗಂಟೆಗಳ ಅಥವಾ ದಿನಗಳ ನಂತರವೂ ಕಾಣಿಸಿಕೊಳ್ಳಬಹುದು. ಬ್ಯಾಟರಿ ಬದಲಿಸುವ ಖರ್ಚಂತೂ ಲಕ್ಷಗಳಲ್ಲಿ.

ಎತ್ತುವ ಸ್ಥಳಗಳು

ಕಾರನ್ನು ಎತ್ತಲು ತಯಾರಕರು ಸಾಮಾನ್ಯವಾಗಿ ನಾಲ್ಕು ಸ್ಥಳಗಳನ್ನು ಬಲಪಡಿಸಿರುತ್ತಾರೆ: ಮುಂದಿನ ಗಾಲಿಗಳ ಹಿಂದೆ ಎರಡು, ಹಿಂದಿನ ಗಾಲಿಗಳ ಮುಂದೆ ಎರಡು. ಇವುಗಳ ಚಿತ್ರ ಕಾರಿನ ಜೊತೆ ಬರುವ ಕೈಪಿಡಿಯಲ್ಲಿರುತ್ತದೆ. ಈ ಸ್ಥಳಗಳಲ್ಲಿ ಮುಖ್ಯವಾಗಿ ಎರಡು ಬಗೆ.

1. ಏಣಿನ ಬಗೆ: ಬಾಗಿಲುಗಳ ಕೆಳಗೆ ಕಾರಿನ ಉದ್ದಕ್ಕೂ ಎರಡು ತಗಡುಗಳನ್ನು ಸೇರಿಸಿ ಬೆಸೆದ ತೆಳುವಾದ ಏಣು ಇಳಿಬಿದ್ದಿರುತ್ತದೆ. ಎತ್ತುವ ಸ್ಥಳದಲ್ಲಿ ಇದಕ್ಕೆ ಕಚ್ಚುಗಳ ಗುರುತು ಇರುತ್ತದೆ. ಇದಕ್ಕೆ ನಡುವೆ ಸೀಳು ಇರುವ ಪ್ಯಾಡ್ ಬೇಕು.

2. ರಂಧ್ರದ ಬಗೆ: ಟೆಸ್ಲಾ ಮಾಡೆಲ್ 3ರಂಥ ಕಾರುಗಳಲ್ಲಿ ಎತ್ತುವ ಸ್ಥಳದಲ್ಲಿ ಒಂದು ದುಂಡು ರಂಧ್ರವಿರುತ್ತದೆ. ಇದಕ್ಕೆ ಮೇಲೆ ಸಣ್ಣ ಗೂಟವಿರುವ ಪ್ಯಾಡ್ ಬೇಕು. ಗೂಟ ರಂಧ್ರದೊಳಗೆ ಕೂತು ಪ್ಯಾಡ್ ಜಾರದಂತೆ ಹಿಡಿಯುತ್ತದೆ. ಗೂಟಕ್ಕೆ ರಬ್ಬರ್ ಬಳೆ ಇದ್ದರೆ ಕೈಬಿಟ್ಟರೂ ಪ್ಯಾಡ್ ಕೆಳಗೆ ಬೀಳದು.

ಒಂದು ಬಗೆಯ ಪ್ಯಾಡನ್ನು ಇನ್ನೊಂದಕ್ಕೆ ಹೊಂದಿಸಲು ಹೋಗಬಾರದು. ಅಂಗಡಿಯವರು "ಎಲ್ಲ ಕಾರುಗಳಿಗೂ ಆಗುತ್ತದೆ" ಎಂದರೂ, ಕೈಪಿಡಿಯ ಚಿತ್ರವನ್ನೂ ಕಾರಿನ ತಳವನ್ನೂ ನೋಡಿಯೇ ಕೊಳ್ಳಬೇಕು.

ಪ್ಯಾಡ್ ಏಕೆ ಬೇಕು?

ಒಂದು ಸಣ್ಣ ಲೆಕ್ಕ ನೋಡೋಣ. ಒಂದು ಗಾಲಿಯನ್ನು ಎತ್ತುವಾಗ ಜಾಕಿನ ಮೇಲೆ 500 ಕಿ.ಗ್ರಾಂ. ಭಾರ ಬಿತ್ತು ಎಂದುಕೊಳ್ಳಿ. ಏಣಿನ ದಪ್ಪ 4 ಮಿ.ಮೀ., ಜಾಕ್ ತಗಲುವ ಉದ್ದ 5 ಸೆಂ.ಮೀ. ಆದರೆ ಭಾರ ಹೊರುವ ಜಾಗ ಕೇವಲ 2 ಚದರ ಸೆಂ.ಮೀ. ಅಂದರೆ ಪ್ರತಿ ಚದರ ಸೆಂ.ಮೀ.ಗೆ 250 ಕಿ.ಗ್ರಾಂ. ಒತ್ತಡ. ಏಣು ಮಡಚಿಕೊಂಡರೆ ಜಾಕ್ ಜಾರಿ ಪಕ್ಕದ ಬ್ಯಾಟರಿ ಪೆಟ್ಟಿಗೆಗೆ ತಿವಿಯಬಹುದು. 6 ಸೆಂ.ಮೀ. ಚೌಕದ ಪ್ಯಾಡಿನಲ್ಲಿ 1 ಸೆಂ.ಮೀ. ಸೀಳು ಬಿಟ್ಟರೆ ಉಳಿಯುವುದು 30 ಚದರ ಸೆಂ.ಮೀ. ಇದೇ ಭಾರ ಏಣಿನ ಎರಡೂ ಪಕ್ಕದ ಸಪಾಟು ಭಾಗಕ್ಕೆ ಹರಡಿದರೆ ಒತ್ತಡ ಸುಮಾರು 17 ಕಿ.ಗ್ರಾಂ.ಗೆ ಇಳಿಯುತ್ತದೆ.

ಪ್ಯಾಡ್ ಕೊಳ್ಳುವಾಗ ಗಮನಿಸಬೇಕಾದ ಅಂಶಗಳು

1. ಸೀಳಿನ ಆಳ: ಏಣಿನ ಎತ್ತರಕ್ಕಿಂತ ಸೀಳು ಆಳವಾಗಿದ್ದರೆ ಭಾರ ಪಕ್ಕದ ಸಪಾಟು ಭಾಗದ ಮೇಲೂ, ಆಳ ಕಡಿಮೆಯಿದ್ದರೆ ಏಣಿನ ಮೇಲೂ ಬೀಳುತ್ತದೆ. ಭಾರ ಎಲ್ಲಿ ಬೀಳಬೇಕೆಂಬುದನ್ನು ಕೈಪಿಡಿಯಲ್ಲಿ ಹೇಳಿದಂತೆ ಅನುಸರಿಸಬೇಕು.

2. ತಳದ ಅಳತೆ: ಪ್ಯಾಡಿನ ತಳ ಜಾಕಿನ ಬಟ್ಟಲಿನೊಳಗೆ ಪೂರ್ತಿ ಕೂರಬೇಕು. ಬಟ್ಟಲಿನ ಅಂಚಿನ ಮೇಲೆ ತೂಗಾಡುವ ಪ್ಯಾಡ್ ಜಾರುತ್ತದೆ.

3. ವಸ್ತು: ಗಟ್ಟಿ ರಬ್ಬರ್, ಪಾಲಿಯುರೆಥೇನ್, ಅಥವಾ ಮೇಲೆ ರಬ್ಬರ್ ಹೊದಿಸಿದ ಅಲ್ಯೂಮಿನಿಯಂ ಆಗಬಹುದು. ಬೆರಳಿಗೆ ಅಮುಕುವಷ್ಟು ಮೆತ್ತನೆಯ ರಬ್ಬರ್ ಬೇಡ. ಬಿಸಿಲಿಗೆ ಬಿರುಕು ಬಿಟ್ಟ ಪ್ಯಾಡನ್ನು ಎಸೆಯಬೇಕು. ಪ್ಯಾಡಿಗೆ ಬದಲಾಗಿ ಮರದ ತುಂಡನ್ನು ಇಡಬಾರದು. ಭಾರಕ್ಕೆ ಅದು ಎಳೆಯ ಗುಂಟ ಸೀಳಿಹೋಗುತ್ತದೆ.

4. ಎತ್ತರ: ಗಾಳಿ ಹೋದಾಗ ಕಾರು ನೆಲಕ್ಕೆ ಹತ್ತಿರವಾಗುತ್ತದೆ. ಆಗ ನೆಲದಿಂದ ಎತ್ತುವ ಸ್ಥಳಕ್ಕೆ 17 ಸೆಂ.ಮೀ. ಉಳಿದು, ಜಾಕಿನ ಕನಿಷ್ಠ ಎತ್ತರ 13 ಸೆಂ.ಮೀ. ಇದ್ದರೆ, 3 ಸೆಂ.ಮೀ. ಪ್ಯಾಡ್ ಹಿಡಿಸುತ್ತದೆ, 5 ಸೆಂ.ಮೀ. ಪ್ಯಾಡ್ ಹಿಡಿಸದು. ಕೊಳ್ಳುವ ಮುನ್ನ ಅಳೆಯಿರಿ.

ಜಾಕಿನ ಕೆಳಗಿನ ಮಣ್ಣು

ಮೇಲಿನ ಪ್ಯಾಡ್ ಎಷ್ಟು ಒಳ್ಳೆಯದಾದರೂ ಕೆಳಗಿನ ನೆಲ ಕುಸಿದರೆ ಪ್ರಯೋಜನವಿಲ್ಲ. ಜಾಕಿನ ಪಾದ 150 ಚದರ ಸೆಂ.ಮೀ. ಇದ್ದರೆ, ಅದೇ 500 ಕಿ.ಗ್ರಾಂ. ಭಾರ ಮಣ್ಣನ್ನು ಪ್ರತಿ ಚದರ ಸೆಂ.ಮೀ.ಗೆ 3.3 ಕಿ.ಗ್ರಾಂ.ನಂತೆ ಒತ್ತುತ್ತದೆ. ಹಸಿ ಎರೆಭೂಮಿ ಇದನ್ನು ತಾಳದು. 30 ಸೆಂ.ಮೀ. ಅಗಲ, 45 ಸೆಂ.ಮೀ. ಉದ್ದ, 5 ಸೆಂ.ಮೀ. ದಪ್ಪದ ಗಟ್ಟಿ ಹಲಗೆಯನ್ನು ಕೆಳಗಿಟ್ಟರೆ ಒತ್ತಡ 0.37 ಕಿ.ಗ್ರಾಂ.ಗೆ ಇಳಿಯುತ್ತದೆ. ಇದು ಹೆಚ್ಚುಕಡಿಮೆ ಒಂಟಿ ಕಾಲಿನ ಮೇಲೆ ನಿಂತ ಆಳಿನ ಪಾದದ ಒತ್ತಡದಷ್ಟೇ. ಇದರಿಂದ ಒಂದು ಸುಲಭ ಪರೀಕ್ಷೆಯೂ ಸಿಗುತ್ತದೆ: ಒಂಟಿ ಕಾಲಿನಲ್ಲಿ ನಿಂತಾಗ ಪಾದ ಹೂಳುವ ನೆಲದಲ್ಲಿ ಹಲಗೆ ಇಟ್ಟರೂ ಕಾರನ್ನು ಎತ್ತಬಾರದು.

ಹಲಗೆ ಇಟ್ಟರೆ ಜಾಕ್ ಕಾರಿನ ಕೆಳಗೆ ತೂರುವುದಿಲ್ಲ ಎಂಬ ತೊಂದರೆ ಬರಬಹುದು. ಆಗ ಹಲಗೆಯ ದಪ್ಪದಷ್ಟು ಮಣ್ಣನ್ನು ಗುದ್ದಲಿಯಿಂದ ಸಮನಾಗಿ ಕೆರೆದು, ಹಲಗೆಯನ್ನು ನೆಲಮಟ್ಟಕ್ಕೆ ಕೂರಿಸಬೇಕು. ಹೊಸದಾಗಿ ತುಂಬಿದ ಮಣ್ಣು, ಬದುವಿನ ಅಂಚು ಮತ್ತು ಕಾಲುವೆಯ ದಂಡೆಯ ಮೇಲೆ ಎತ್ತುವ ಯೋಚನೆಯೇ ಬೇಡ.

ಎತ್ತುವ ಕ್ರಮ

1. ಕಾರನ್ನು ಸಮತಟ್ಟಾದ ಗಟ್ಟಿ ನೆಲದಲ್ಲಿ ನಿಲ್ಲಿಸಿ, ಬ್ರೇಕ್ ಹಾಕಿ, ಪೂರ್ತಿ ಆರಿಸಿ. ಚಾರ್ಜಿನ ತಂತಿ ತೆಗೆದಿರಲಿ. ಒಳಗೆ ಯಾರೂ ಇರಬಾರದು. ಗಾಳಿಯ ಸಸ್ಪೆನ್ಷನ್ ಇದ್ದರೆ ಅದರ ಜಾಕ್ ವ್ಯವಸ್ಥೆಯನ್ನು ಮೊದಲೇ ಚಾಲೂ ಮಾಡಿ.

2. ಎತ್ತುವ ಗಾಲಿಗೆ ಮೂಲೆಯಿಂದ ಮೂಲೆಗೆ ಎದುರಾಗಿರುವ ಗಾಲಿಗೆ ಹಿಂದೆ ಮುಂದೆ ಅಡೆ ಕೊಡಿ. ನಟ್ಟುಗಳನ್ನು ಗಾಲಿ ನೆಲದಲ್ಲಿರುವಾಗಲೇ ಸ್ವಲ್ಪ ಸಡಿಲಿಸಿ.

3. ಪ್ಯಾಡ್ ಕೂರಿಸಿ 2-3 ಸೆಂ.ಮೀ. ಎತ್ತಿ ನಿಲ್ಲಿಸಿ. ಪ್ಯಾಡ್ ನೇರವಾಗಿದೆಯೇ, ಜಾಕ್ ವಾಲಿದೆಯೇ, ಹಲಗೆ ಒಂದು ಕಡೆ ಇಳಿದಿದೆಯೇ ನೋಡಿ. ಸಂಶಯವಿದ್ದರೆ ಇಳಿಸಿ ಮತ್ತೆ ಪ್ರಾರಂಭಿಸಿ.

4. ಬರೀ ಜಾಕಿನ ಆಧಾರದ ಮೇಲೆ ನಿಂತ ಕಾರಿನ ಕೆಳಗೆ ಕೈಯನ್ನಾಗಲಿ ತಲೆಯನ್ನಾಗಲಿ ಹಾಕಬಾರದು. ಕೆಳಗೆ ಕೆಲಸವಿದ್ದರೆ ಕೈಪಿಡಿ ತೋರಿಸಿದ ಸ್ಥಳದಲ್ಲಿ ಕಬ್ಬಿಣದ ಸ್ಟ್ಯಾಂಡ್ ಕೊಡಬೇಕು. ಇಟ್ಟಿಗೆ ಮತ್ತು ಪೊಳ್ಳು ಸಿಮೆಂಟ್ ಇಟ್ಟಿಗೆಗಳು ಮುನ್ಸೂಚನೆಯಿಲ್ಲದೆ ಒಡೆಯುತ್ತವೆ.

5. ಕಿತ್ತಳೆ ಬಣ್ಣದ ತಂತಿಗಳು ಹೆಚ್ಚಿನ ವೋಲ್ಟೇಜಿನವು. ಅವನ್ನು ಮುಟ್ಟಬಾರದು.

ಬ್ಯಾಟರಿಗೆ ಪೆಟ್ಟು ಬಿದ್ದರೆ

ಜಾಕ್ ಜಾರಿ ಪೆಟ್ಟಿಗೆಗೆ ತಗಲಿದ್ದರೆ, ಹೊರಗೆ ಸಣ್ಣ ತಗ್ಗು ಮಾತ್ರ ಕಂಡರೂ ಉದಾಸೀನ ಮಾಡಬಾರದು. ಕಾರನ್ನು ಚಾರ್ಜ್ ಮಾಡದೆ, ಮನೆ, ದನದ ಕೊಟ್ಟಿಗೆ ಮತ್ತು ಹುಲ್ಲಿನ ಬಣವೆಗಳಿಂದ ದೂರ ಬಯಲಿನಲ್ಲಿರಿಸಿ, ತಯಾರಕರ ಸೇವಾ ಕೇಂದ್ರಕ್ಕೆ ತಿಳಿಸಬೇಕು. ಹೊಗೆ, ಬುಸುಗುಟ್ಟುವ ಸದ್ದು ಅಥವಾ ವಿಚಿತ್ರ ವಾಸನೆ ಬಂದರೆ ಕಾರನ್ನು ಕದಲಿಸಲು ಹೋಗದೆ ಎಲ್ಲರೂ ದೂರ ಸರಿದು 112ಕ್ಕೆ ಕರೆ ಮಾಡಿ, ಇದು ವಿದ್ಯುತ್ ಕಾರು ಎಂಬುದನ್ನು ತಪ್ಪದೆ ಹೇಳಬೇಕು.

ಕಾರಿಗೆ ಸರಿಹೊಂದುವ ಒಂದು ಪ್ಯಾಡ್, ಒಂದು ಹಲಗೆ, ಎರಡು ಅಡೆಗಳು, ಇಷ್ಟನ್ನು ಕಾರಿನಲ್ಲೇ ಇಟ್ಟುಕೊಂಡಿರುವುದು ಒಳ್ಳೆಯದು. ದಾರಿಯಲ್ಲಿ ಗಾಳಿ ಹೋಗುವ ಮೊದಲು, ಬಿಡುವಿನ ಒಂದು ಹಗಲು ಮನೆಯ ಅಂಗಳದಲ್ಲಿ ಕೈಪಿಡಿ ಹಿಡಿದು ನಾಲ್ಕೂ ಸ್ಥಳಗಳನ್ನು ಗುರುತಿಸಿ, ಮನೆಯಲ್ಲಿ ಕಾರು ನಡೆಸುವ ಎಲ್ಲರಿಗೂ ತೋರಿಸಿಕೊಡಬೇಕು.