ಕೆಲಸಕ್ಕೆ ತಕ್ಕ ಗಣಕ ಸಾಧನ

ಹೈದರಾಬಾದಿನ ಉತ್ತರ ಭಾಗದಲ್ಲಿರುವ ಜೀಡಿಮೆಟ್ಲಾ ಔಷಧ, ರಾಸಾಯನಿಕ ಹಾಗೂ ಇಂಜಿನಿಯರಿಂಗ್ ಉದ್ಯಮಗಳ ನೆಲೆ. ಸಮೀಪದ ಬಾಲಾನಗರದಲ್ಲಿ 1968ರಲ್ಲಿ ಸ್ಥಾಪನೆಯಾದ ಕೇಂದ್ರೀಯ ಉಪಕರಣ ವಿನ್ಯಾಸ ಸಂಸ್ಥೆಯು ಉಪಕರಣಗಳ ವಿನ್ಯಾಸ ಮತ್ತು ತಯಾರಿಕೆಯಲ್ಲಿ ತರಬೇತಿ ನೀಡುತ್ತಾ ಬಂದಿದೆ. ರಂಧ್ರ ಕೊರೆಯಲು ಡ್ರಿಲ್, ದುಂಡಗೆ ಕಡೆಯಲು ಲೇತ್ ಎಂಬ ವಿವೇಕ ಇಲ್ಲಿನ ಕೆಲಸಗಾರರಿಗೆ ಸಹಜವಾದುದು. ಆದರೆ ಕಚೇರಿಯ ಕಂಪ್ಯೂಟರಿನ ಮುಂದೆ ಕುಳಿತಾಗ ಎಲ್ಲ ಕೆಲಸಕ್ಕೂ ಒಂದೇ ಸಾಧನವನ್ನು ಬಳಸುವ ರೂಢಿ ಎಲ್ಲೆಡೆ ಕಂಡುಬರುತ್ತದೆ. ಇದರಿಂದಾಗುವ ಹಾನಿ ಒಮ್ಮೊಮ್ಮೆ ಕಣ್ಣಿಗೆ ಬೀಳುವುದೇ ಇಲ್ಲ.

ಸ್ಪ್ರೆಡ್‌ಶೀಟ್: ಅನುಕೂಲ ಮತ್ತು ಅಪಾಯ

ಕೆಲವು ನೂರು ಸಾಲುಗಳ ದಾಸ್ತಾನು ಲೆಕ್ಕಕ್ಕೆ ಸ್ಪ್ರೆಡ್‌ಶೀಟ್ ಉತ್ತಮ ಸಾಧನ. ಅಂಕಿಗಳು ಕಣ್ಣೆದುರಿಗೇ ಇರುತ್ತವೆ, ಕಲಿಕೆಯೂ ಸುಲಭ. ಆದರೆ ಔಷಧದ ಬ್ಯಾಚ್ ಸಂಖ್ಯೆ 000123 ಎಂದಿದ್ದರೆ, ಆ ಕಲಂ ಪಠ್ಯವೆಂದು ಮೊದಲೇ ಸೂಚಿಸದಿದ್ದಲ್ಲಿ, ಅದು 123 ಆಗಿಬಿಡುವುದುಂಟು. ತಿಂಗಳ ಹೆಸರನ್ನು ಹೋಲುವ ಸಂಕೇತಗಳು ದಿನಾಂಕಗಳಾಗಿ ಮಾರ್ಪಡುತ್ತವೆ. ಈ ತೊಂದರೆಯ ಕಾರಣದಿಂದಲೇ ಮಾನವ ವಂಶವಾಹಿಗಳ ನಾಮಕರಣ ಸಮಿತಿಯು ‘ಮಾರ್ಚ್1’ ಮೊದಲಾದ ಕೆಲವು ವಂಶವಾಹಿಗಳ ಸಂಕೇತಗಳನ್ನೇ ಬದಲಾಯಿಸಿದ ಸಂಗತಿ 2020ರಲ್ಲಿ ಪ್ರಕಟವಾಯಿತು.

ಸಾಲುಗಳಿಗೂ ಮಿತಿಯುಂಟು. ಎಕ್ಸೆಲ್‌ನ ಹಳೆಯ ಬಗೆಯ ಕಡತದಲ್ಲಿ 65,536 ಸಾಲುಗಳಿಗೆ ಮಾತ್ರ ಅವಕಾಶ. 2007ರಲ್ಲಿ ಬಂದ ಹೊಸ ಬಗೆಯಲ್ಲಿ 10,48,576. ಇಂಗ್ಲೆಂಡಿನಲ್ಲಿ 2020ರ ಸೆಪ್ಟೆಂಬರ್ 25ರಿಂದ ಅಕ್ಟೋಬರ್ 2ರವರೆಗೆ 15,841 ಕೋವಿಡ್ ಪ್ರಕರಣಗಳು ದೈನಂದಿನ ಲೆಕ್ಕದಿಂದ ಬಿಟ್ಟುಹೋದವು. ಪ್ರಯೋಗಾಲಯಗಳ ಅಂಕಿಅಂಶಗಳನ್ನು ಹಳೆಯ ಬಗೆಯ ಕಡತಕ್ಕೆ ತುಂಬಿದ್ದೇ ಇದಕ್ಕೆ ಕಾರಣ. ಸೋಂಕಿತರ ಸಂಪರ್ಕಕ್ಕೆ ಬಂದವರನ್ನು ಎಚ್ಚರಿಸುವ ಕೆಲಸವೂ ಇದರಿಂದ ತಡವಾಯಿತು.

ದತ್ತಾಂಶಕೋಶ ಮತ್ತು ಕ್ರಮವಿಧಿ

ಬ್ಯಾಚ್, ಕಚ್ಚಾ ಸಾಮಗ್ರಿ, ಖರೀದಿದಾರ - ಇವುಗಳ ಪರಸ್ಪರ ಸಂಬಂಧವನ್ನು ವರ್ಷಗಟ್ಟಲೆ ಉಳಿಸಿಕೊಳ್ಳಬೇಕಾದಾಗ ದತ್ತಾಂಶಕೋಶವೇ ಯೋಗ್ಯ. ‘ಈ ಕಚ್ಚಾ ಸಾಮಗ್ರಿ ಯಾವ ಯಾವ ಬ್ಯಾಚಿಗೆ ಸೇರಿದೆ?’ ಎಂಬ ಪ್ರಶ್ನೆಗೆ ಎಸ್‌ಕ್ಯೂಎಲ್ ಭಾಷೆಯ ಕೆಲವೇ ಸಾಲುಗಳಲ್ಲಿ ಉತ್ತರ ದೊರೆಯುತ್ತದೆ. ಒಂದೇ ಕಂಪ್ಯೂಟರಿನ ಬಳಕೆಗೆ, 2000ದಲ್ಲಿ ಹೊರಬಂದ ಉಚಿತ ತಂತ್ರಾಂಶ ಎಸ್‌ಕ್ಯೂಲೈಟ್ ಸಾಕಾಗುತ್ತದೆ.

ನೂರಾರು ಕಡತಗಳ ಹೆಸರು ಬದಲಿಸುವುದು, ಪ್ರತಿ ಸಂಜೆ ನಕಲು ತೆಗೆದಿಡುವುದು ಮುಂತಾದ ಕೆಲಸಗಳಿಗೆ ಕೆಲವು ಸಾಲಿನ ಶೆಲ್ ಆದೇಶಗಳೇ ಸಾಕು. ಕಲಂಗಳಾಗಿ ಜೋಡಿಸಿದ ಪಠ್ಯದಿಂದ ಬೇಕಾದ ಸಾಲುಗಳನ್ನು ಆಯ್ದುಕೊಳ್ಳಲು 1977ರಲ್ಲಿ ರೂಪುಗೊಂಡ ‘ಆಕ್’ ಇಂದಿಗೂ ಉಪಯುಕ್ತ. ಅನೇಕ ಕಡತಗಳನ್ನು ಓದಿ, ಗಣಿಸಿ, ತಿಂಗಳ ವರದಿಯನ್ನು ಸಿದ್ಧಪಡಿಸಬೇಕಾದರೆ 1991ರಲ್ಲಿ ಬಿಡುಗಡೆಯಾದ ಪೈಥಾನ್ ಅನುಕೂಲಕರ. ಅದು ಉಚಿತವಾಗಿ ದೊರೆಯುತ್ತದೆ. ಒಬ್ಬರು ಬರೆದ ಕ್ರಮವಿಧಿಯನ್ನು ಇನ್ನೊಬ್ಬರು ಓದಿ ತಿಳಿಯುವುದೂ ಅಷ್ಟು ಕಷ್ಟವಲ್ಲ.

ಯಂತ್ರಗಳ ನಿಯಂತ್ರಣ

ರಾಸಾಯನಿಕ ಕ್ರಿಯೆ ನಡೆಯುವ ಪಾತ್ರೆಯ ಉಷ್ಣಾಂಶವನ್ನು ಕಚೇರಿಯ ಕಂಪ್ಯೂಟರಿಗೆ ಒಪ್ಪಿಸುವುದು ಸರಿಯಲ್ಲ. ಕಾರ್ಖಾನೆಗಳಲ್ಲಿ ಇಂತಹ ಕೆಲಸಕ್ಕೆ ಪಿಎಲ್‌ಸಿ ಎಂಬ ನಿಯಂತ್ರಕವನ್ನು ಬಳಸುತ್ತಾರೆ. ಅದರ ಕ್ರಮವಿಧಿಯನ್ನು ಹಲವೆಡೆ ಏಣಿಯ ಆಕಾರದ ನಕ್ಷೆಯಲ್ಲಿ ಬರೆಯುವುದು ವಾಡಿಕೆ. ಈ ನಕ್ಷೆ ವಿದ್ಯುತ್ ಮಂಡಲದ ಚಿತ್ರವನ್ನೇ ಹೋಲುವುದರಿಂದ, ರಾತ್ರಿ ಪಾಳಿಯಲ್ಲಿ ಯಂತ್ರ ನಿಂತರೆ ತರಬೇತಿ ಪಡೆದ ಎಲೆಕ್ಟ್ರಿಷಿಯನ್ ಅದನ್ನು ಓದಿ ದೋಷವನ್ನು ಗುರುತಿಸಬಲ್ಲನು. ಸಾಧನವನ್ನು ಆರಿಸುವಾಗ ಬರೆಯುವವರಷ್ಟೇ ಅಲ್ಲ, ಮುಂದೆ ಅದನ್ನು ದುರಸ್ತಿ ಮಾಡುವವರೂ ಮುಖ್ಯ ಎಂಬುದಕ್ಕೆ ಇದು ನಿದರ್ಶನ.

ಆಯ್ಕೆಗೆ ಮುನ್ನ

ಯಾವುದೇ ಸಾಧನವನ್ನು ಒಪ್ಪುವ ಮೊದಲು ನಾಲ್ಕು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಲೇಸು. ಕೆಲಸ ಒಮ್ಮೆಯದೋ, ನಿತ್ಯದ್ದೋ? ದತ್ತಾಂಶ ಮುಂದೆ ಎಷ್ಟು ಬೆಳೆದೀತು? ಬರೆದವರು ಇಲ್ಲದಾಗ ಯಾರು ನೋಡಿಕೊಳ್ಳುತ್ತಾರೆ? ತಪ್ಪಾದರೆ ನಷ್ಟ ಯಾರಿಗೆ? ಒಮ್ಮೆಯ ಸಣ್ಣ ಕೆಲಸವನ್ನು ಕೈಯಿಂದಲೇ ಮುಗಿಸುವುದೂ ಜಾಣತನವೇ. ಯಾವ ಸಾಧನವೇ ಆಗಲಿ, ಒಳಗೆ ಹೋದ ಸಾಲುಗಳೆಷ್ಟು, ಹೊರಬಂದವೆಷ್ಟು ಎಂದು ಪ್ರತಿ ಸಲವೂ ಎಣಿಸಿ ತಾಳೆ ನೋಡಬೇಕು. ಮೂಲ ಕಡತದ ಪ್ರತಿಯನ್ನು ಬೇರೆಡೆ ಕಾಯ್ದಿರಿಸಬೇಕು. ಕಾಣದೆ ಉಳಿಯುವ ತಪ್ಪನ್ನು ಬಯಲಿಗೆ ತರುವುದು ಈ ಎಣಿಕೆಯೇ.