ನೀರು ಕುಡಿಯದ ನುಸಿ

ಯಲಬುರ್ಗಾ, ಕುಷ್ಟಗಿ ಕಡೆಯ ಎರೆ ಹೊಲಗಳಲ್ಲಿ ಹಿಂಗಾರಿ ಬಿಳಿಜೋಳದ ರಾಶಿ ಮುಗಿಯುವುದು ಶಿವರಾತ್ರಿಯ ಆಸುಪಾಸಿಗೆ. ಚೀಲಗಳು ಮನೆ ಸೇರಿದ ಮೇಲೆ ನಾಲ್ಕೈದು ತಿಂಗಳು ಯಾರಿಗೂ ಅವುಗಳ ಚಿಂತೆ ಇರುವುದಿಲ್ಲ. ಶ್ರಾವಣದಲ್ಲಿ ಮರ ಹಿಡಿದು ಜೋಳ ಹಸನು ಮಾಡಲು ಕುಳಿತಾಗ ನುಸಿ ಹರಿದಾಡುತ್ತದೆ. ಆಗ ಬೈಗುಳ ತಿನ್ನುವುದು ಕಿಟಕಿ, ಗೋಡೆಯ ಬಿರುಕು, ಪಕ್ಕದ ಮನೆ. ಇಲಿ, ಜಿರಲೆ, ಚೇಳುಗಳ ವಿಷಯದಲ್ಲಿ ಈ ಅನುಮಾನ ಸರಿಯೇ. ಸಂದಿ ಮುಚ್ಚಿದರೆ ಅವು ಹೊರಗೇ ಉಳಿದಾವು. ನುಸಿಯನ್ನು ಮಾತ್ರ ನಾವೇ ಹೆಗಲ ಮೇಲೆ ಹೊತ್ತು ತಂದು ಪಡಸಾಲೆಯಲ್ಲಿ ಇಳಿಸಿರುತ್ತೇವೆ.

ಒಂದನ್ನು ಅಂಗೈ ಮೇಲೆ ಹಾಕಿಕೊಂಡು ನೋಡಿ. ಎರಡೂವರೆಯಿಂದ ನಾಲ್ಕು ಮಿಲಿಮೀಟರ್ ಉದ್ದ, ಕಂದು ಮೈ, ಬೆನ್ನ ಮೇಲೆ ನಾಲ್ಕು ಮಸುಕು ಕೆಂಪು ಚುಕ್ಕೆ, ಮುಂದೆ ಚಾಚಿದ ಸೊಂಡಿಲು. ಮುಟ್ಟಿದರೆ ಕಾಲು ಮಡಚಿ ಸತ್ತಂತೆ ಬೀಳುತ್ತದೆ. ತುಸು ತಾಳಿದರೆ ಎದ್ದು ನಡೆಯುತ್ತದೆ. 1763ರಲ್ಲಿ ಜೀವವಿಜ್ಞಾನಿ ಲಿನಿಯಸ್ ಇದಕ್ಕೆ ಅಕ್ಕಿಯ ಹೆಸರಿಟ್ಟ. ಆದರೆ ಜೋಳ, ಗೋಧಿ, ಗೋವಿನಜೋಳ ಯಾವುದೂ ಇದಕ್ಕೆ ವರ್ಜ್ಯವಲ್ಲ. ಹೆಣ್ಣು ಸೊಂಡಿಲ ತುದಿಯ ಹಲ್ಲಿನಿಂದ ಕಾಳಿಗೆ ತೂತು ಕೊರೆದು, ಒಂದೇ ಒಂದು ಮೊಟ್ಟೆ ಇಟ್ಟು, ಅಂಟಿನಂಥ ದ್ರವದಿಂದ ಬಾಯಿ ಮುಚ್ಚಿಬಿಡುತ್ತದೆ. ಎಷ್ಟೇ ಕಣ್ಣು ಚುರುಕಾದ ಅಜ್ಜಿಗೂ ಆ ತೂತು ಕಾಣದು. ಮರಿ ಒಳಗೇ ಹಿಟ್ಟು ತಿಂದು, ಒಳಗೇ ಕೋಶವಾಗಿ, ಬೆಚ್ಚಗಿನ ಹವೆಯಲ್ಲಿ ತಿಂಗಳೊಂದರ ಆಸುಪಾಸಿಗೆ ಸಿಪ್ಪೆ ಕೊರೆದು ಹೊರಬರುತ್ತದೆ. ಒಂದು ಹೆಣ್ಣು ಜೀವಮಾನದಲ್ಲಿ 300ರಷ್ಟು ಮೊಟ್ಟೆ ಇಡಬಲ್ಲದು. ಶಿವರಾತ್ರಿಯಿಂದ ಶ್ರಾವಣಕ್ಕೆ ಎಷ್ಟು ತಲೆಮಾರು ಆದವು, ಲೆಕ್ಕ ಹಾಕಿಕೊಳ್ಳಿ.

ನನಗೆ ಬೆರಗು ಹುಟ್ಟಿಸುವುದು ಇದರ ಸಂತಾನಕ್ಕಿಂತ ಹೆಚ್ಚಾಗಿ ಇದರ ದಾಹ. ಒಣಗಿದ ಕಾಳಿನೊಳಗೆ ಹುಟ್ಟಿ ಬೆಳೆಯುವ ಈ ಜೀವಿಗೆ ನೀರು ಎಲ್ಲಿಂದ? ಕಾಳಿನಲ್ಲಿ ಉಳಿದ ಹಸಿಯಿಂದ ಒಂದಿಷ್ಟು. ಮಿಕ್ಕದ್ದನ್ನು ಅದು ತಾನೇ ತಯಾರಿಸಿಕೊಳ್ಳುತ್ತದೆ. ದೇಹದಲ್ಲಿ ಪಿಷ್ಟ ಆಮ್ಲಜನಕದ ಜೊತೆ ಉರಿದಾಗ ನೀರು ಹುಟ್ಟುತ್ತದೆ: 100 ಗ್ರಾಂ ಪಿಷ್ಟಕ್ಕೆ ಸುಮಾರು 55 ಗ್ರಾಂ. ಹೀಗೆ ಸಂಪಾದಿಸಿದ್ದು ಆರಿಹೋಗದಂತೆ ಕಾಯಲು ಗಟ್ಟಿ ಚಿಪ್ಪು, ಅದರ ಮೇಲೆ ಮೇಣದ ತೆಳು ಲೇಪ. ಈ ಚಿಪ್ಪು ಕಟ್ಟುವುದಕ್ಕೂ ನುಸಿಗೆ ಆಳುಗಳಿದ್ದಾರೆ. ಅದರ ದೇಹದೊಳಗೆ ನೆಲೆಸಿದ ಬ್ಯಾಕ್ಟೀರಿಯಗಳು ಚಿಪ್ಪಿಗೆ ಬೇಕಾದ ಅಮೈನೋ ಆಮ್ಲ ಒದಗಿಸುತ್ತವೆ. ಚಿಪ್ಪು ಬಲಿತ ಮೇಲೆ ನುಸಿ ಅವುಗಳನ್ನೇ ಅರಗಿಸಿಕೊಳ್ಳುತ್ತದೆ. ಕೂಲಿ ಕೊಡುವ ರೀತಿ ಇದು!

ನಮ್ಮ ಹಿರಿಯರ ಉಪಾಯಗಳೆಲ್ಲ ಈ ನೀರಿನ ಮೇಲೆಯೇ ಕೈಹಾಕುವಂಥವು. ರಾಶಿಯಾದ ಮೇಲೆ ಜೋಳವನ್ನು ಕೊಪ್ಪಳದ ಬಿಸಿಲಿಗೆ ಒಡ್ಡಿ, ಹಲ್ಲಿಗೆ ಹಾಕಿದರೆ ಕಟ್ಟೆನ್ನುವವರೆಗೆ ಒಣಗಿಸಬೇಕು. ತೇವಾಂಶ ಶೇಕಡಾ ಹತ್ತಕ್ಕೆ ಇಳಿದರೆ ನುಸಿಯ ಸಂತಾನ ಬಹುಮಟ್ಟಿಗೆ ನಿಲ್ಲುತ್ತದೆ. ಕಾಳು ತೆಳುವಾಗಿ ಹರಡಿರಬೇಕು, ಕಾಳೇ ಕಾಯಬೇಕು; ಇಲ್ಲವಾದರೆ ಒಳಗಿನ ಮರಿ ಸಾಯದು. ಬಿಸಿಲಿಗೆ ದೊಡ್ಡ ಹುಳಗಳು ನೆರಳು ಹುಡುಕಿ ಓಡುತ್ತವೆ. ಗೋಡೆಯ ಪಕ್ಕದಲ್ಲಿ ಹರಡಿದರೆ ಅವು ಮತ್ತೆ ಮನೆಯೊಳಗೇ ಬಂದಾವು. ಮಳೆಗಾಲದಲ್ಲಿ ಚೀಲದ ನಡುವೆ ಕೈ ತೂರಿಸಿ ನೋಡಿ. ಒಂದು ಕಡೆ ಬೆಚ್ಚಗಿದ್ದರೆ ಅಲ್ಲಿ ನುಸಿ ಸೇರಿದೆ ಎಂದೇ ಲೆಕ್ಕ. ಅವುಗಳ ಉಸಿರಾಟದ ಶಾಖ ಅದು. ಜೊತೆಗೆ ಬಿಡುವ ಹಸಿ ಸುತ್ತಲ ಕಾಳನ್ನು ಮೆತ್ತಗಾಗಿಸಿ ಮುಂದಿನ ಪೀಳಿಗೆಗೆ ದಾರಿ ಮಾಡಿಕೊಡುತ್ತದೆ.

ಬೂದಿ ಕಲೆಸುವುದೂ ಅದೇ ಬುಡಕ್ಕೆ ಹೋಗುತ್ತದೆ. ಬೂದಿಯ ಕಣ ಮೇಣದ ಲೇಪವನ್ನು ಕೆರೆದು ಹೀರಿದಾಗ ಹುಳ ಒಣಗಿ ಸಾಯುತ್ತದೆ. ಬೇವಿನ ತಪ್ಪಲಿನ ಮೇಲೆ ನನಗೆ ಅಷ್ಟು ಭರವಸೆಯಿಲ್ಲ. ಬೇವಿನ ಸತ್ವ ಹೆಚ್ಚಾಗಿರುವುದು ಬೀಜದಲ್ಲಿ. ಹಸಿ ತಪ್ಪಲು ಹಾಕಿದರಂತೂ ಕಾಳಿಗೆ ತೇವ ಸೇರಿಸಿದಂತೆ.

ಎಲ್ಲಕ್ಕಿಂತ ಜಾಣತನದ್ದು ಹಗೇವು. ನೆಲದಲ್ಲಿ ಆಳವಾಗಿ ತೋಡಿ, ಸುತ್ತ ಹುಲ್ಲು ಹಾಸಿ, ಜೋಳ ತುಂಬಿ, ಕಲ್ಲುಚಪ್ಪಡಿ ಮುಚ್ಚಿ ಮಣ್ಣು ಮೆತ್ತಿದರೆ ಒಳಗಿನ ಗಾಳಿ ಅಷ್ಟಕ್ಕೇ ಸೀಮಿತ. ಕಾಳು, ಬೂಷ್ಟು, ಹುಳ ಎಲ್ಲವೂ ಉಸಿರಾಡಿ ಆಮ್ಲಜನಕ ತೀರಿಸುತ್ತವೆ. ಹಗೇವು ತೆರೆದ ಕೂಡಲೇ ಇಳಿಯದೆ ಮೊದಲು ದೀಪ ಇಳಿಬಿಟ್ಟು ನೋಡುತ್ತಿದ್ದುದು ಇದಕ್ಕೇ. ದೀಪ ಆರಿದರೆ ಮನುಷ್ಯನೂ ಉಳಿಯನು. ಅವಸರಕ್ಕೆ ಇಳಿದು ಸತ್ತವರಿದ್ದಾರೆ. ಇತ್ತ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದವರು ಕ್ಯಾಮರೂನ್ ದೇಶದ ಅಲಸಂದೆ ಬೆಳೆಗಾರರಿಗಾಗಿ ಗಾಳಿಯಾಡದ ಮೂರು ಪದರದ ಚೀಲ ರೂಪಿಸಿದರು. ಅದರೊಳಗೆ ಹುಳ ಏಕೆ ಸಾಯುತ್ತದೆಂದು ಹುಡುಕಿದಾಗ 2012ರಲ್ಲಿ ಸಿಕ್ಕ ಉತ್ತರ ಸೊಗಸಾಗಿದೆ: ಆಮ್ಲಜನಕವಿಲ್ಲದೆ ಪಿಷ್ಟ ಉರಿಯದು, ಉರಿಯದಿದ್ದರೆ ನೀರು ಹುಟ್ಟದು. ಹುಳ ಬಾಯಾರಿ ಸಾಯುತ್ತದೆ.

ಇಂದು ಹಗೇವು ತೋಡುವವರಿಲ್ಲ, ಬ್ಯಾರಲ್ ಇದೆ. ಚೆನ್ನಾಗಿ ಒಣಗಿದ ಕಾಳನ್ನು ಕಂಠದವರೆಗೆ ತುಂಬಿ ಬಿಗಿಯಾಗಿ ಮುಚ್ಚಿದರೆ ಅದೇ ಕೆಲಸ ತಕ್ಕಮಟ್ಟಿಗೆ ಆಗುತ್ತದೆ. ಅರ್ಧ ಖಾಲಿಯಾದ, ದಿನಾ ತೆರೆಯುವ ಬ್ಯಾರಲ್‌ನಲ್ಲಿ ಆಗದು. ಹಾಗಾಗಿ ದಿನದ ಬಳಕೆಗೆ ಸಣ್ಣ ಡಬ್ಬಿ ಬೇರೆ ಇರಲಿ. ಹೊಸ ಜೋಳ ಸುರಿಯುವ ಮೊದಲು ತಳದ ಹಳೆಯ ಪುಡಿಯನ್ನು ಕೆರೆದು ತೆಗೆಯಿರಿ. ಹಳೆಯ ಗೋಣಿಚೀಲವನ್ನು ಕುದಿಯುವ ನೀರಿಗೆ ಅದ್ದಿ ಒಣಗಿಸಿ. ತುಂಗಭದ್ರಾ ಎಡದಂಡೆ ಕಾಲುವೆಯ ಗಂಗಾವತಿಯವರಿಗೆ ಇನ್ನೊಂದು ಅನುಕೂಲವಿದೆ: ಭತ್ತವಾಗಿಯೇ ಇಟ್ಟು, ಬೇಕಾದಷ್ಟನ್ನು ಮಿಲ್ಲಿಗೆ ಹಾಕಿಸಬಹುದು. ಒಡೆಯದ ಹೊಟ್ಟನ್ನು ಭೇದಿಸುವುದು ನುಸಿಗೆ ಕಷ್ಟ.

ಹೆಸರುಕಾಳಿನ ಹುಳದ ದಾರಿ ಬೇರೆ. ಅದು ಹೊಲದಲ್ಲೇ ಕಾಯಿಯ ಮೇಲೆ ಮೊಟ್ಟೆ ಇಟ್ಟಿರುತ್ತದೆ. ಕಾಳಿನ ಮೈಮೇಲೆ ಬಿಳಿ ಚುಕ್ಕೆ ಕಂಡರೆ ತಡಮಾಡದೆ ಒಡೆಸಿ ಬೇಳೆ ಮಾಡಿಸಿ. ಹಿಟ್ಟಿನ ಕೆಂಪು ಹುಳಕ್ಕೆ ಇಡೀ ಕಾಳು ಕೊರೆಯುವ ಶಕ್ತಿಯಿಲ್ಲ. ನುಚ್ಚು, ರವೆ, ಗಿರಣಿಯಲ್ಲಿ ಉಳಿದ ಹಿಟ್ಟೇ ಅದರ ತವರು.

ನುಸಿಗೆಂದು ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆಯನ್ನು ಮನೆಗೆ ತರುವವರಿದ್ದಾರೆ. ದಯವಿಟ್ಟು ತರಬೇಡಿ. ಗೋದಾಮಿನಲ್ಲಿ, ತರಬೇತಿ ಪಡೆದವರು, ತಾಡಪಾಲಿನಡಿ ಬಳಸುವ ಮದ್ದು ಅದು. ಗಾಳಿಯ ತೇವ ತಗುಲಿದರೆ ಸಾಕು, ಫಾಸ್ಫೀನ್ ಅನಿಲ ಏಳುತ್ತದೆ. ಗುಳಿಗೆ ಹಾಕಿದ ಕಾಳಿನ ಚೀಲವಿದ್ದ ಮನೆಯಲ್ಲಿ ಮಲಗಿದವರು ಏಳದೇ ಹೋದ ಸುದ್ದಿಗಳು ದೇಶದ ಹಲವೆಡೆಯಿಂದ ಬಂದಿವೆ. ಅದಕ್ಕೆ ಮದ್ದಾಗುವ ಪ್ರತಿವಿಷ ಇಲ್ಲ. ಕೋಣೆಯ ಬಾಗಿಲು ಹಾಕಿದರೂ ಆ ಅನಿಲ ಸಂದಿಯಿಂದ ಪಕ್ಕದ ಕೋಣೆಗೆ ನುಸುಳುತ್ತದೆ.