ಚಳಿಗಾಲದ ಕೆರೆಯಲ್ಲಿ ಬಾತು, ಬಯಲಿನಲ್ಲಿ ಸೆಳೆವ

ಅವರೆಕಾಯಿಗೆ ಸೊಗಡು ಬರುವ ಹೊತ್ತಿಗೆ ಚಿಕ್ಕಬಳ್ಳಾಪುರ ಜಿಲ್ಲೆಯ ಮಂಚೇನಹಳ್ಳಿ, ಗೌರಿಬಿದನೂರು, ಶಿಡ್ಲಘಟ್ಟ, ಚಿಂತಾಮಣಿ ಸುತ್ತಿನ ಕೆರೆಗಳಿಗೆ ದೂರದೇಶದ ಹಕ್ಕಿಗಳು ಬಂದಿಳಿದಿರುತ್ತವೆ. ಅವು ಹುಟ್ಟಿ ಬೆಳೆದ ಸೈಬೀರಿಯ, ಕಜಕಸ್ತಾನ, ಮಂಗೋಲಿಯಗಳಲ್ಲಿ ಆಗ ಸರೋವರಗಳ ಮೇಲೆ ಮಂಜುಗಡ್ಡೆ ಕಟ್ಟಿರುತ್ತದೆ, ಹುಲ್ಲುಗಾವಲುಗಳನ್ನು ಹಿಮ ಮುಚ್ಚಿರುತ್ತದೆ. ನೀರೇ ಗಡ್ಡೆಯಾದರೆ ಬಾತುಗಳಿಗೆ ಮೇವಿಲ್ಲ. ಇಲಿ, ಓತಿ, ಮಿಡತೆಗಳು ಹಿಮದಡಿ ಅಡಗಿದರೆ ಬೇಟೆಹಕ್ಕಿಗಳಿಗೆ ಆಹಾರವಿಲ್ಲ. ಹೀಗಾಗಿ ಎರಡೂ ಬಗೆಯ ಹಕ್ಕಿಗಳು ಒಂದೇ ಕಾಲಕ್ಕೆ ದಕ್ಷಿಣಕ್ಕೆ ಹೊರಡುತ್ತವೆ.

ಇವು ಬಳಸುವ ಆಕಾಶಮಾರ್ಗಕ್ಕೆ ಮಧ್ಯ ಏಷ್ಯಾ ವಲಸೆ ಹಾದಿ ಎಂದು ಹೆಸರು. ಉತ್ತರ ಧ್ರುವ ಸಾಗರದ ಅಂಚಿನಿಂದ ಹಿಂದೂ ಮಹಾಸಾಗರದವರೆಗೆ 30 ದೇಶಗಳ ಮೇಲೆ ಹಾಯುವ ಈ ಹಾದಿಯಲ್ಲಿ ನಮ್ಮ ಬಯಲುಸೀಮೆಯ ಕೆರೆಗಳೂ ತಂಗುದಾಣಗಳು. ಇಲ್ಲಿ ಯಾವ ಹಕ್ಕಿ ಬರುತ್ತದೆ, ಕೆರೆಯ ಯಾವ ಭಾಗದಲ್ಲಿ ಕಾಣುತ್ತದೆ, ಏಕೆ ಅಲ್ಲೇ ಕಾಣುತ್ತದೆ ಎಂಬುದನ್ನು ಈ ಅಧ್ಯಾಯದಲ್ಲಿ ತಿಳಿಯೋಣ.

ಹೊಳೆಯಿಲ್ಲದ ಸೀಮೆಯ ಕೆರೆಗಳು

ಚಿಕ್ಕಬಳ್ಳಾಪುರ ಪ್ರತ್ಯೇಕ ಜಿಲ್ಲೆಯಾದದ್ದು 2007ರಲ್ಲಿ. ಅದಕ್ಕೂ ಮೊದಲಿನ ಅವಿಭಜಿತ ಕೋಲಾರ ಜಿಲ್ಲೆಯಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಕೆರೆಗಳಿದ್ದವು. 1,478 ಮೀಟರ್ ಎತ್ತರದ ನಂದಿ ಮತ್ತು ಅದರ ನೆರೆಯ ಬೆಟ್ಟಗಳಲ್ಲಿ ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಅರ್ಕಾವತಿ, ಚಿತ್ರಾವತಿ ಹುಟ್ಟುತ್ತವೆ. ಆದರೆ ಮಳೆ ನಿಂತ ಮೇಲೆ ಇವುಗಳ ಪಾತ್ರದಲ್ಲಿ ಮರಳಷ್ಟೇ ಉಳಿಯುತ್ತದೆ. ವರ್ಷವಿಡೀ ಹರಿಯುವ ಹೊಳೆಯಿಲ್ಲದ ಈ ಸೀಮೆಯಲ್ಲಿ ಹಿಂದಿನವರು ಸಾಲುಗೆರೆಗಳನ್ನು ಕಟ್ಟಿದರು. ಮೇಲಿನ ಕೆರೆ ಕೋಡಿ ಹರಿದರೆ ಆ ನೀರು ಕೆಳಗಿನ ಕೆರೆಗೆ ಸೇರುತ್ತದೆ. ಗುಡಿಬಂಡೆಯ ಅಮಾನಿ ಬೈರಸಾಗರ, ಚಿಕ್ಕಬಳ್ಳಾಪುರದ ಕಂದವಾರ ಕೆರೆ, ಶಿಡ್ಲಘಟ್ಟದ ಗೌಡನ ಕೆರೆ, ಚಿಂತಾಮಣಿಯ ಕನ್ನಂಪಲ್ಲಿ ಕೆರೆ ಇವೆಲ್ಲ ಹೆಸರಾದವು. ಹೆಸರು ಹೊರಗೆ ಕೇಳದ ಊರೂರಿನ ಸಣ್ಣ ಕೆರೆಗಳು ಲೆಕ್ಕವಿಲ್ಲದಷ್ಟು.

ಈ ಭಾಗದಲ್ಲಿ ಹೆಚ್ಚು ಮಳೆ ಬೀಳುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಒಳ್ಳೆಯ ವರ್ಷದಲ್ಲಿ ಕೆರೆಗಳು ತುಂಬುವ ವೇಳೆಗೇ ವಲಸೆ ಹಕ್ಕಿಗಳ ಪಯಣವೂ ಬಿರುಸಾಗುತ್ತದೆ. ನವೆಂಬರ್‌ನಿಂದ ನೀರು ಮೆಲ್ಲನೆ ಹಿಂದೆ ಸರಿಯತೊಡಗಿದಾಗ ಒಂದೊಂದು ವಾರವೂ ಹೊಸ ಕೆಸರು, ಹೊಸ ತೆಳುನೀರು ತೆರೆದುಕೊಳ್ಳುತ್ತದೆ. ಅದರಲ್ಲಿ ಹುಳು, ಬಸವನಹುಳು, ಬೀಜ, ಎಳೆ ಬೇರು ತುಂಬಿರುತ್ತವೆ. ಮಾರ್ಚ್‌ವರೆಗೆ ಹಕ್ಕಿಗಳ ಹೊಟ್ಟೆ ತುಂಬಿಸುವುದು ಹೀಗೆ ಇಳಿಯುತ್ತ ಹೋಗುವ ಈ ಅಂಚೇ.

ಹಿಮಾಲಯ ದಾಟುವ ಹೆಬ್ಬಾತು

ವಲಸೆ ಬಾತುಗಳ ಸಾಮರ್ಥ್ಯ ತಿಳಿಯಲು ಪಟ್ಟೆತಲೆ ಹೆಬ್ಬಾತಿನ ಕಥೆ ಸಾಕು. ಬೂದು ಮೈ, ಬಿಳಿ ತಲೆ, ತಲೆಯ ಹಿಂಬದಿಯಲ್ಲಿ ಎರಡು ಕಪ್ಪು ಪಟ್ಟೆ ಇರುವ ಈ ಹಕ್ಕಿ ಮಂಗೋಲಿಯ, ಟಿಬೆಟ್, ಲಡಾಖ್‌ನ ಸರೋವರಗಳ ಬಳಿ ಮರಿ ಮಾಡುತ್ತದೆ. ಚಳಿಗಾಲ ಕಳೆಯಲು ಹಿಮಾಲಯವನ್ನು ದಾಟಿ ಭಾರತಕ್ಕೆ ಬರುತ್ತದೆ. ಬೆನ್ನಿಗೆ ಪುಟ್ಟ ಉಪಕರಣ ಕಟ್ಟಿ ನಡೆಸಿದ ಅಧ್ಯಯನಗಳಲ್ಲಿ ಇವು 7,000 ಮೀಟರ್‌ಗೂ ಮೇಲೆ ಹಾರಿದ್ದು ದಾಖಲಾಗಿದೆ. ಅಷ್ಟು ಎತ್ತರದಲ್ಲಿ ಗಾಳಿಯ ಆಮ್ಲಜನಕ ನಮ್ಮ ಬಯಲಿನ ಅರ್ಧಕ್ಕಿಂತ ಕಡಿಮೆ. ಹೆಬ್ಬಾತಿನ ರಕ್ತದ ಹಿಮೋಗ್ಲೋಬಿನ್ ಆಮ್ಲಜನಕವನ್ನು ಬಿಗಿಯಾಗಿ ಹಿಡಿಯಬಲ್ಲದು. ಅದರ ಉಸಿರಾಟ ಆಳವಾದದ್ದು. ಮೈತೂಕಕ್ಕೆ ಹೋಲಿಸಿದರೆ ರೆಕ್ಕೆಯೂ ದೊಡ್ಡದು. ಇಷ್ಟಿದ್ದರೂ ಅದು ಬೇಕೆಂದೇ ಎತ್ತರಕ್ಕೇರುವುದಿಲ್ಲ. ಬೆಟ್ಟ ಕಣಿವೆಗಳ ಏರಿಳಿತಕ್ಕೆ ಹೊಂದಿಕೊಂಡು, ಹೆಚ್ಚಾಗಿ ಗಾಳಿ ತಂಪಾಗಿ ದಟ್ಟವಾಗಿರುವ ರಾತ್ರಿ ಮತ್ತು ನಸುಕಿನಲ್ಲಿ ಹಾರುತ್ತದೆ.

ಕರ್ನಾಟಕದಲ್ಲಿ ಈ ಹೆಬ್ಬಾತುಗಳನ್ನು ದೊಡ್ಡ ಹಿಂಡಿನಲ್ಲಿ ನೋಡಬೇಕೆಂದರೆ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಹೋಗಬೇಕು. 2024ರಲ್ಲಿ ಅದಕ್ಕೆ ರಾಮ್ಸರ್ ತಾಣದ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶದ ಮನ್ನಣೆ ಸಿಕ್ಕಿತು. ಅಲ್ಲಿನ ಹೆಬ್ಬಾತುಗಳು ಕೆರೆಯಲ್ಲಿ ವಿಶ್ರಮಿಸಿ ಸುತ್ತಲಿನ ಹೊಲಗಳಲ್ಲಿ ಮೇಯುತ್ತವೆ. ಮೈಸೂರು ಸೀಮೆಯ ಕೆರೆಗಳಲ್ಲಿ ಮಂಗೋಲಿಯದಲ್ಲಿ ಕೊರಳಪಟ್ಟಿ ತೊಡಿಸಿದ ಹೆಬ್ಬಾತುಗಳು ಕಂಡಿವೆ. ಅವು ಎಲ್ಲಿಂದ ಬಂದವು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಪುರಾವೆ ಬೇಕಿಲ್ಲ.

ಕೆರೆಯನ್ನು ಭಾಗ ಮಾಡಿ ನೋಡುವುದು

ಹಕ್ಕಿ ನೋಡಲು ಬಂದವರು ಏರಿಯ ಮೇಲೆ ನಿಂತು ಇಡೀ ಕೆರೆಯ ಮೇಲೆ ಕಣ್ಣಾಡಿಸಿ, ಏನೂ ಇಲ್ಲವೆಂದು ಹಿಂದಿರುಗುವುದುಂಟು. ಕೆರೆಯನ್ನು ನಾಲ್ಕು ಭಾಗ ಮಾಡಿಕೊಂಡು ಒಂದೊಂದನ್ನೇ ನೋಡಿದರೆ ಹಕ್ಕಿಗಳು ತಾವಾಗಿ ಬಿಡಿಬಿಡಿಯಾಗಿ ಕಾಣತೊಡಗುತ್ತವೆ.

ಮೊದಲನೆಯದು ತೂಬಿನ ಬಳಿಯ ಆಳದ ನೀರು. ಮುಳುಗಿ ಮೀನು ಹಿಡಿಯುವ ನೀರುಕಾಗೆಗಳಿಗೆ ಇದು ತಕ್ಕ ಜಾಗ. ಗುಳುಮುಳುಕ, ಹಣೆಯಲ್ಲಿ ಬಿಳಿ ನಾಮವಿರುವ ನಾಮದ ಕೋಳಿಗಳೂ ಇಲ್ಲಿ ತೇಲುತ್ತಿರುತ್ತವೆ.

ಎರಡನೆಯದು ಮೊಣಕಾಲುದ್ದದ ನೀರು. ಬಹುಪಾಲು ವಲಸೆ ಬಾತುಗಳು ಇಲ್ಲಿರುತ್ತವೆ. ಇವು ಮುಳುಗುವುದಿಲ್ಲ. ತಲೆ ಕೆಳಗೆ, ಬಾಲ ಮೇಲೆ ಮಾಡಿ, ಕತ್ತು ಎಟಕುವಷ್ಟು ಆಳದಿಂದ ಮೇವು ತೆಗೆಯುತ್ತವೆ. ಸೂಜಿಬಾಲದ ಬಾತಿನ ಕತ್ತು ಉದ್ದ, ಆದ್ದರಿಂದ ಅದು ಉಳಿದವಕ್ಕಿಂತ ತುಸು ಆಳದಲ್ಲೂ ಮೇಯಬಲ್ಲದು. ಗಂಡಿನ ಕಂದು ತಲೆ, ಕತ್ತಿನ ಬಿಳಿ ಗೆರೆ, ಚೂಪು ಬಾಲ ದೂರದಿಂದಲೇ ಕಾಣುತ್ತವೆ. ಚಲುಕ ಬಾತಿನ ಕೊಕ್ಕು ತುದಿಯಲ್ಲಿ ಅಗಲ. ಅದರ ಅಂಚಿನುದ್ದಕ್ಕೂ ಇರುವ ಬಾಚಣಿಗೆಯಂಥ ಎಳೆಗಳಿಂದ ನೀರನ್ನು ಸೋಸಿ ಸೂಕ್ಷ್ಮ ಜೀವಿಗಳನ್ನು ತಿನ್ನುತ್ತದೆ. ಬಿಳಿಹುಬ್ಬಿನ ಬಾತು, ಅಂದರೆ ಗಾರ್ಗನಿ, ಎಲ್ಲರಿಗಿಂತ ಮೊದಲು ಬಂದು ತಡವಾಗಿ ಹೊರಡುವ ಸಣ್ಣ ಬಾತು. ಇವುಗಳ ನಡುವೆ ಹಳದಿ ತುದಿಯ ಕಪ್ಪು ಕೊಕ್ಕಿನ ವರಟೆ ಕಂಡರೆ ಅದು ವರ್ಷವಿಡೀ ಇಲ್ಲೇ ಇರುವ ಹಕ್ಕಿ. ವಲಸೆಯ ಬಾತುಗಳನ್ನು ಗುರುತಿಸಲು ಕಲಿಯುವ ಮುನ್ನ ವರಟೆಯನ್ನು ಚೆನ್ನಾಗಿ ಪರಿಚಯ ಮಾಡಿಕೊಂಡರೆ ಗೊಂದಲ ಅರ್ಧ ಕಳೆಯುತ್ತದೆ.

ಮೂರನೆಯದು ನೀರು ಹಿಂದೆ ಸರಿದ ಕೆಸರಂಚು. ಉಲ್ಲಂಕಿಗಳು, ಬಾಲ ಕುಣಿಸುವ ಕುಂಡೆಕುಸ್ಕಗಳು, ಮೆಟ್ಟುಗಾಲು ಹಕ್ಕಿಗಳು ಕೆಸರಿನಲ್ಲಿ ಹುಳು ಹೆಕ್ಕುತ್ತಿರುತ್ತವೆ. ಬಣ್ಣದ ಕೊಕ್ಕರೆಗಳೂ ಈ ತೆಳುನೀರಿಗೇ ಬರುತ್ತವೆ. ನಮ್ಮ ಗಡಿಗೆ ಅಂಟಿಕೊಂಡಂತಿರುವ ಆಂಧ್ರದ ವೀರಾಪುರದಲ್ಲಿ ಹುಣಸೆ ಮರಗಳ ಮೇಲೆ ಅವು ಗೂಡು ಕಟ್ಟುತ್ತವೆ. ಮರಿಗಳಿಗೆ ಮೀನು ತರಲು ಸುತ್ತಿನ ಕೆರೆಗಳೇ ಆಧಾರ. ಹಕ್ಕಿಗೆ ರಾಜ್ಯದ ಗಡಿಯಿಲ್ಲದ್ದರಿಂದ ನಮ್ಮ ಕೆರೆ ಬತ್ತಿದರೆ ಅವರ ಊರಿನ ಗೂಡಿಗೂ ಕಷ್ಟ.

ನಾಲ್ಕನೆಯದು ಕೆರೆಯಂಗಳದ ಒಣ ಹುಲ್ಲು ಮತ್ತು ಅದಕ್ಕೆ ಹೊಂದಿದ ಗೋಮಾಳ. ಬೇಟೆಹಕ್ಕಿಗಳ ರಾಜ್ಯ ಶುರುವಾಗುವುದು ಇಲ್ಲಿಂದ.

ಸೆಳೆವ, ಚಾಣ, ಮೀನುಗಿಡುಗ

ನೆಲಕ್ಕೆ ಹತ್ತಿರವಾಗಿ, ರೆಕ್ಕೆಗಳನ್ನು ತುಸು ಮೇಲಕ್ಕೆತ್ತಿ ಹಿಡಿದು, ಹುಲ್ಲಿನ ಮೇಲೆ ಹಿಂದಕ್ಕೂ ಮುಂದಕ್ಕೂ ನಿಧಾನವಾಗಿ ತೇಲುವ ಹಕ್ಕಿ ಕಂಡರೆ ಅದು ಸೆಳೆವ. ಗೂಬೆಗಿರುವಂತೆ ಇದಕ್ಕೂ ದುಂಡನೆಯ ಮುಖದ ತಟ್ಟೆಯಿದೆ. ಅದು ಸದ್ದನ್ನು ಕಿವಿಗೆ ಕೂಡಿಸಿಕೊಡುವುದರಿಂದ ಹುಲ್ಲಿನೊಳಗಿನ ಇಲಿಯ ಸರಪರವೂ ಸೆಳೆವಕ್ಕೆ ಕೇಳುತ್ತದೆ. ಜೊಂಡಿನ ಮೇಲೆ ಸುಳಿಯುವುದು ಹೆಚ್ಚಾಗಿ ಜೌಗು ಸೆಳೆವ. ಇದರ ಹೆಣ್ಣು ಕಡುಗಂದು, ತಲೆ ಮಾತ್ರ ಕೆನೆಬಣ್ಣ. ಒಣಬಯಲಿನಲ್ಲಿ ಕಾಣುವ ಮಾಂಟೆಗೂ ಸೆಳೆವ, ಪೇಲವ ಸೆಳೆವಗಳಲ್ಲಿ ಗಂಡು ಬೂದುಬಣ್ಣ. ಹೆಣ್ಣುಗಳೆರಡೂ ಕಂದು, ಬಾಲದ ಬುಡದಲ್ಲಿ ಬಿಳಿ. ಅವನ್ನು ಬೇರ್ಪಡಿಸುವುದು ಅನುಭವಿಗಳಿಗೂ ಸುಲಭವಲ್ಲ. ಇವು ಮಿಡತೆಗಳನ್ನು ಹೇರಳವಾಗಿ ತಿನ್ನುತ್ತವೆ, ಹಾಗಾಗಿ ರಾಗಿ, ಮುಸುಕಿನ ಜೋಳ ಬೆಳೆಯುವ ರೈತರಿಗೆ ಕೂಲಿ ಕೇಳದ ಕಾವಲುಗಾರರು. ರಾತ್ರಿ ಇವು ಮರ ಏರುವುದಿಲ್ಲ. ಹುಲ್ಲುಗಾವಲಿನಲ್ಲಿ ನೆಲದ ಮೇಲೆ ಗುಂಪಾಗಿ ತಂಗುತ್ತವೆ. ಹುಲ್ಲುಗಾವಲು ಹೋದರೆ ಅವುಗಳ ಮಲಗುವ ಮನೆಯೇ ಹೋದಂತೆ.

ಒಂದೇ ಕಡೆ ಗಾಳಿಯಲ್ಲಿ ರೆಕ್ಕೆ ಬಡಿಯುತ್ತ ನಿಂತು ನೆಲ ನೋಡುವ ಇಟ್ಟಿಗೆಗೆಂಪಿನ ಸಣ್ಣ ಹಕ್ಕಿ ಚಾಣ. ನೀರಿನ ಮೇಲೆ ಸುತ್ತಿ, ಕಾಲು ಮುಂದೆ ಮಾಡಿ ಧುಮುಕಿ ಮೀನು ಎತ್ತುವುದು ಮೀನುಗಿಡುಗ. ಜಾರುವ ಮೀನನ್ನು ಹಿಡಿಯಲು ಅದರ ಅಂಗಾಲಿನಲ್ಲಿ ಮುಳ್ಳಿನಂಥ ಹುರುಪೆಗಳಿವೆ, ಹೊರಬೆರಳನ್ನು ಹಿಂದಕ್ಕೆ ತಿರುಗಿಸಲೂ ಬರುತ್ತದೆ. ಬಂಡೆಬೆಟ್ಟಗಳ ಮೇಲೆ ಬಿಸಿಲೇರಿದ ನಂತರ ಮೇಲೇಳುವ ಗಾಳಿಯಲ್ಲಿ ಸುತ್ತುವ ಹದ್ದುಜಾತಿಯ ಹಕ್ಕಿಯ ರೆಕ್ಕೆ ಕತ್ತಿಗೆ ಸೇರುವಲ್ಲಿ ಎರಡು ಬಿಳಿ ಚುಕ್ಕೆ ಕಂಡರೆ ಅದು ಚಳಿಗಾಲಕ್ಕೆ ಬರುವ ಬೂಟುಗಾಲಿನ ಗಿಡುಗ. ಬಿಳಿ ತಲೆ, ಇಟ್ಟಿಗೆಬಣ್ಣದ ಮೈಯ ಗರುಡ ಮತ್ತು ಕವಲುಬಾಲದ ಹದ್ದು ನಮ್ಮ ಊರಿನವೇ. ಇವೆರಡನ್ನು ಮೊದಲು ಕಲಿತರೆ ಹೊಸ ಹಕ್ಕಿ ಬಂದಾಗ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ.

ಬಾತು ಮತ್ತು ಬೇಟೆಹಕ್ಕಿಗಳನ್ನು ಒಟ್ಟಿಗೇ ನೋಡಬೇಕೆನ್ನುವುದಕ್ಕೆ ಕಾರಣವಿದೆ. ಹರಡಿಕೊಂಡಿದ್ದ ನಾಮದ ಕೋಳಿಗಳು ಇದ್ದಕ್ಕಿದ್ದಂತೆ ಒತ್ತೊತ್ತಾಗಿ ಗುಂಪುಗೂಡಿದರೆ, ಬಾತುಗಳ ಹಿಂಡು ಒಮ್ಮೆಗೇ ಎದ್ದರೆ, ದುರ್ಬೀನನ್ನು ಕೂಡಲೇ ಮೇಲಕ್ಕೆ ತಿರುಗಿಸಬೇಕು. ಜೌಗು ಸೆಳೆವವೋ ಇನ್ನಾವುದೋ ಬೇಟೆಹಕ್ಕಿಯೋ ಬಂದಿರುತ್ತದೆ. ಗುಂಪಿನಿಂದ ಬೇರೆಯಾದ, ಗಾಯಗೊಂಡ ಹಕ್ಕಿಯನ್ನೇ ಅದು ಹುಡುಕುತ್ತದೆ.

ನೋಡುವ ಕ್ರಮ

ಡಿಸೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ. ಬಾತುಗಳಿಗೆ ಬೆಳಗಿನ ಏಳರಿಂದ ಒಂಬತ್ತು, ಬೆಟ್ಟದ ಬೇಟೆಹಕ್ಕಿಗಳಿಗೆ ಅದರ ನಂತರ ಮಧ್ಯಾಹ್ನದವರೆಗೆ, ಸೆಳೆವಗಳಿಗೆ ಸಂಜೆಯ ಹೊತ್ತು. ಸೂರ್ಯ ಬೆನ್ನ ಹಿಂದಿರಲಿ, ಇಲ್ಲದಿದ್ದರೆ ಎಲ್ಲ ಬಾತುಗಳೂ ಕಪ್ಪಾಗಿಯೇ ಕಾಣುತ್ತವೆ. ಎಂಟು ಪಟ್ಟು ಹಿಗ್ಗಿಸುವ ದುರ್ಬೀನು ಕಲಿಯುವವರಿಗೆ ಸಾಕು. ದೊಡ್ಡ ಹಿಂಡನ್ನು ಎಣಿಸಲು ಮೊದಲು ಹತ್ತು ಹಕ್ಕಿಗಳನ್ನು ಎಣಿಸಿ, ಅವು ಎಷ್ಟು ಜಾಗ ಹಿಡಿದಿವೆ ಎಂದು ನೋಡಿಕೊಂಡು, ಹಿಂಡಿನಲ್ಲಿ ಅಂಥ ಜಾಗ ಎಷ್ಟಿದೆ ಎಂದು ಲೆಕ್ಕ ಹಾಕಬೇಕು. ದಿನಾಂಕ, ಕೆರೆಯ ಹೆಸರು, ನೀರಿನ ಮಟ್ಟ, ಹಕ್ಕಿ ಮತ್ತು ಸಂಖ್ಯೆಯನ್ನು ಅಲ್ಲೇ ಬರೆದಿಡಬೇಕು.

ಇಂಥ ಲೆಕ್ಕಕ್ಕೆ ದೊಡ್ಡ ಪರಂಪರೆಯಿದೆ. ಪಕ್ಷಿತಜ್ಞ ಸಲೀಂ ಅಲಿ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ನಡೆಸಿದ್ದು 1939–40ರಲ್ಲಿ. 1987ರಿಂದ ಪ್ರತಿ ಜನವರಿಯಲ್ಲಿ ಏಷ್ಯಾ ನೀರುಹಕ್ಕಿ ಗಣತಿ ನಡೆಯುತ್ತಿದೆ, ಅದರಲ್ಲಿ ಯಾರು ಬೇಕಾದರೂ ಪಾಲ್ಗೊಳ್ಳಬಹುದು. ಸಾವಿರಾರು ಹವ್ಯಾಸಿಗಳು ಇಬರ್ಡ್ ಜಾಲತಾಣದಲ್ಲಿ ದಾಖಲಿಸಿದ ಪಟ್ಟಿಗಳೇ 2023ರ ಭಾರತದ ಹಕ್ಕಿಗಳ ಸ್ಥಿತಿಗತಿ ವರದಿಗೆ ಆಧಾರವಾದವು. ಬೇಟೆಹಕ್ಕಿಗಳು, ಬಾತುಗಳು, ಬಯಲಿನ ಹಕ್ಕಿಗಳು ಇಳಿಮುಖವಾಗಿವೆ ಎಂದು ಆ ವರದಿ ಎಚ್ಚರಿಸಿದೆ.

ತುಂಬಿದ ಕೆರೆಯಲ್ಲೂ ಬಾತು ಇಲ್ಲದಿರಬಹುದು

ಬರದಲ್ಲಿ ಬೆಂದ ಈ ಜಿಲ್ಲೆಗೆ ಕೆರೆ ತುಂಬುವುದಕ್ಕಿಂತ ದೊಡ್ಡ ಹಬ್ಬವಿಲ್ಲ. ಹೆಬ್ಬಾಳ–ನಾಗವಾರ ಕಣಿವೆ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತದಲ್ಲಿ ಶುದ್ಧೀಕರಿಸಿ ಇಲ್ಲಿನ ಕೆರೆಗಳಿಗೆ ಹರಿಸಲಾಗುತ್ತಿದೆ. ಯೋಜನೆಗೆ ಸೇರಿದ್ದು ಮೂರು ಜಿಲ್ಲೆಗಳ 65 ಕೆರೆ. ಬತ್ತಿದ ಕೆರೆಗೆ ನೀರು ಬಂದದ್ದು ನಿಜ. ಆದರೆ ಎರಡು ಹಂತದ ಶುದ್ಧೀಕರಣದ ನಂತರವೂ ಸಾರಜನಕ, ರಂಜಕದ ಅಂಶ ಉಳಿಯುವುದರಿಂದ ನೀರಿನ ಕಳೆ ಸೊಕ್ಕಬಲ್ಲದು. ವರ್ಷವಿಡೀ ಒಂದೇ ಮಟ್ಟದಲ್ಲಿ ತುಂಬಿರುವ ಕೆರೆಯಲ್ಲಿ ಹಿಂದೆ ಸರಿಯುವ ಅಂಚೂ ಇರುವುದಿಲ್ಲ. ಹೂಳೆತ್ತುವ ನೆಪದಲ್ಲಿ ಅಂಗಳವನ್ನೆಲ್ಲ ಕಡಿದು ತೊಟ್ಟಿಯಂತೆ ನೇರ ದಡ ಮಾಡಿದರೆ ಮೊಣಕಾಲುದ್ದದ ನೀರು ಎಲ್ಲೂ ಉಳಿಯದು. ಅಲ್ಲಿ ನೀರುಕಾಗೆ ಇರುತ್ತದೆ, ಸೂಜಿಬಾಲದ ಬಾತು ಇರುವುದಿಲ್ಲ.

ಬಯಲಿನದೂ ಇದೇ ಕಥೆ. ಹುಲ್ಲು ಬೆಳೆದ ಗೋಮಾಳವನ್ನು ಬಂಜರೆಂದು ಕರೆದು ನೀಲಗಿರಿ ನೆಟ್ಟೆವು. 2017ರಲ್ಲಿ ರಾಜ್ಯ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸುವ ಹೊತ್ತಿಗೆ ಎಷ್ಟೋ ಬಯಲು ಮುಚ್ಚಿಹೋಗಿತ್ತು. ಬೇಟೆಹಕ್ಕಿ ಎಷ್ಟು ಬೇಗ ಕಣ್ಮರೆಯಾಗಬಲ್ಲದು ಎಂಬುದಕ್ಕೆ ರಣಹದ್ದು ಸಾಕ್ಷಿ. ದನಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ನೋವಿನ ಔಷಧಿ, ಸತ್ತ ದನ ತಿಂದ ರಣಹದ್ದುಗಳ ಮೂತ್ರಪಿಂಡ ಕೆಡಿಸಿ ದೇಶದ ಬಹುಪಾಲು ರಣಹದ್ದುಗಳನ್ನು ಕೊಂದಿತು. 2006ರಲ್ಲಿ ಪಶುಚಿಕಿತ್ಸೆಗೆ ಅದರ ಬಳಕೆ ನಿಷೇಧವಾಯಿತು. ಗೌರಿಬಿದನೂರಿಗೆ ಸಮೀಪದ ಲೇಪಾಕ್ಷಿಯಲ್ಲಿ ರಾಮಾಯಣದ ರಣಹದ್ದು ಜಟಾಯುವಿನ ಸ್ಥಳಪುರಾಣ ಇಂದಿಗೂ ಜೀವಂತ. ಆದರೆ ನಮ್ಮ ಕಡೆ ರಣಹದ್ದು ನೋಡಲು ಈಗ ರಾಮನಗರದ ರಾಮದೇವರ ಬೆಟ್ಟಕ್ಕೆ ಹೋಗಬೇಕು.

ಊರಿನವರು ಮಾಡಬಹುದಾದದ್ದು

ಗ್ರಾಮ ಪಂಚಾಯಿತಿ ಹೂಳೆತ್ತುವ ಕೆಲಸಕ್ಕೆ ಯೋಜನೆ ಹಾಕುವಾಗ ತೂಬಿನ ಕಡೆಯ ಆಳ ಹೆಚ್ಚಿಸಿ, ನೀರು ಒಳಬರುವ ಕಡೆಯ ಇಳಿಜಾರನ್ನು ಹಾಗೇ ಬಿಡುವಂತೆ ಗ್ರಾಮಸಭೆಯಲ್ಲಿ ಕೇಳಿ. ರಾಜಕಾಲುವೆಗಳನ್ನು ತೆರವಾಗಿಸಿ. ಹರಿದ ಮೀನುಬಲೆಯನ್ನು ನೀರಿನಲ್ಲಿ ಬಿಡದಂತೆ ಮೀನು ಹಿಡಿಯುವವರೊಂದಿಗೆ ಮಾತಾಡಿ, ಮುಳುಗುವ ಹಕ್ಕಿಗಳಿಗೆ ಅದು ಉರುಳಾಗುತ್ತದೆ. ಉರುಳು, ವಿಷ, ಕೋವಿ ಯಾವುದರಿಂದ ಹಕ್ಕಿ ಹಿಡಿದರೂ ಅದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಡಿ ಅಪರಾಧ, ಕಂಡರೆ ಅರಣ್ಯ ಇಲಾಖೆಗೆ ತಿಳಿಸಿ. ಹಿಂಡು ಎದ್ದು ಹಾರುವ ಚಿತ್ರಕ್ಕಾಗಿ ಹಕ್ಕಿಗಳನ್ನು ಎಬ್ಬಿಸಬೇಡಿ. ಮರುಪಯಣಕ್ಕೆ ಕೂಡಿಟ್ಟ ಕೊಬ್ಬು ಅದರಿಂದ ವ್ಯರ್ಥವಾಗುತ್ತದೆ.

ಊರಿನ ಶಾಲೆಯೊಂದು ತನ್ನ ಕೆರೆಯನ್ನು ಆರಿಸಿಕೊಂಡು, ಪ್ರತಿ ವರ್ಷ ಸಂಕ್ರಾಂತಿಯ ಆಸುಪಾಸಿನಲ್ಲಿ ಅದೇ ಜಾಗದಿಂದ, ಅದೇ ಹೊತ್ತಿಗೆ ಹಕ್ಕಿ ಎಣಿಸಿ ದಾಖಲೆ ಇಟ್ಟರೆ ಹತ್ತು ವರ್ಷದಲ್ಲಿ ಬೆಲೆಕಟ್ಟಲಾಗದ ಮಾಹಿತಿ ಸೇರುತ್ತದೆ. ಹೂಳೆತ್ತುವ ಮೊದಲು ಎಷ್ಟು ಬಾತುಗಳಿದ್ದವು, ನಂತರ ಎಷ್ಟು, ಗೋಮಾಳ ಉಳಿದಾಗ ಎಷ್ಟು ಸೆಳೆವಗಳು ಬಂದವು ಎಂದು ಆ ಮಕ್ಕಳು ಗ್ರಾಮಸಭೆಯಲ್ಲಿ ಎದ್ದುನಿಂತು ಲೆಕ್ಕ ಸಮೇತ ಹೇಳಬಲ್ಲರು. ಕೆರೆಯ ಬಗ್ಗೆ ತೀರ್ಮಾನ ಮಾಡುವಾಗ ನೀರಿನ ಪ್ರಮಾಣದ ಜೊತೆಗೆ ಆ ಲೆಕ್ಕವೂ ಮೇಜಿನ ಮೇಲಿರಲಿ. ಈ ಜನವರಿಯಿಂದಲೇ ಎಣಿಕೆ ಶುರುಮಾಡಿ.